ಅಮ್ಮನ ಕೈ, ಬೋರ್‌ವೆಲ್ ನೀರು
ಸೋಪಿನ ಪುಡಿಗೆ ಅಮ್ಮನ ಕೈ ಬಿರಿದು ರಕ್ತ ಬರುತ್ತಿತ್ತು. ಅದಕ್ಕೇ ನಾವು ಮಕ್ಕಳೆಲ್ಲ ದುಡ್ಡು ಕೂಡಿಸಿ ಡಿಶ್‌ವಾಷರ್ ತಂದೆವು. ಮೂರೇ ತಿಂಗಳಿಗೆ ಲೋಟಗಳ ಮೇಲೆ ಬಿಳಿ ಪೊರೆ, ತಳದಲ್ಲಿ ನಿಂತ ನೀರು. ಅಮ್ಮ ಮಾತಾಡದೆ ಮತ್ತೆ ಬಚ್ಚಲ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

ಪ್ಲಗ್ ತೆಗೆದು ನಾವೇ ನೋಡಿದೆವು. ತಳದ ಜಾಲರಿಯಲ್ಲಿ ಅನ್ನದಗುಳು, ಕರಿಬೇವು ಕಟ್ಟಿಕೊಂಡಿದ್ದವು. ತೊಳೆದ ಮೇಲೆ ನೀರು ಇಳಿಯಿತು. ನೀರು ಚಿಮ್ಮುವ ರೆಕ್ಕೆಯ ತೂತುಗಳನ್ನು ಕಡ್ಡಿಯಿಂದ ಬಿಡಿಸಿದೆವು. ಬಿಳಿ ಪೊರೆ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ; ಯಂತ್ರದೊಳಗಿನ ಉಪ್ಪು ಮುಗಿದಿತ್ತು. ಅದಕ್ಕೆ ಡಿಶ್‌ವಾಷರ್ ಉಪ್ಪೇ ಆಗಬೇಕು, ಅಡುಗೆ ಉಪ್ಪಲ್ಲ. ತುಂಬಿಸಿ, ಗಡಸು ನೀರಿನ ಸೆಟ್ಟಿಂಗ್ ಏರಿಸಿದೆವು. ಹಳೆ ಪೊರೆ ನಿಂಬೆಹುಳಿಗೆ ಬಿಟ್ಟಿತು.

ಈಗ ಲೋಟ ಫಳಫಳ. ವಾರಕ್ಕೊಮ್ಮೆ ಜಾಲರಿ ತೊಳೆಯುವ ಪಾಳಿ ನಮ್ಮದು. ಅಮ್ಮನ ಕೈಯ ಬಿರುಕು ಮಾಯುತ್ತಿದೆ.