ಮೈಯಳತೆಯ ಸೈಕಲ್

ನಾನು ಸೈಕಲ್ ಕಲಿತದ್ದು ಒಳಪೆಡಲ್ಲಿನಲ್ಲಿ. ಅಪ್ಪನ ಸೈಕಲ್ಲಿನ ಫ್ರೇಮಿನೊಳಗೆ ಬಲಗಾಲು ತೂರಿಸಿ, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ತುಳಿದವರಿಗೆಲ್ಲ ಗೊತ್ತು, ಆಗ ಮನೆಗೊಂದೇ ಸೈಕಲ್ಲು. ಅಪ್ಪನಿಗೂ ಅದೇ, ಅಣ್ಣನಿಗೂ ಅದೇ, ನನಗೂ ಅದೇ. ಅದಕ್ಕೆ ತಕ್ಕಂತೆ ಮೈ ಬಗ್ಗಿಸಿಕೊಳ್ಳುವುದು ನಮ್ಮ ಕೆಲಸ. ನಲವತ್ತು ದಾಟಿದ ಮೇಲೂ ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ.

ಮೈಸೂರಿನಲ್ಲಿ ಗೇರಿನ ರೋಡ್ ಬೈಕ್ ಕೊಂಡಾಗ ಬೆಲೆ ಕೇಳಿದೆ, ಬಣ್ಣ ನೋಡಿದೆ, ಸೈಜ್ ಕೇಳಲಿಲ್ಲ. ರಿಯಾಯಿತಿಯಲ್ಲಿದ್ದ ಫ್ರೇಮು ನನಗೆ ದೊಡ್ಡದು. ಕಾಲು ನೆಲಕ್ಕೆ ಸಿಗಲೆಂದು ಸೀಟನ್ನು ಪೂರ್ತಿ ಇಳಿಸಿಕೊಂಡೆ. ಬೆಳಗಿನ ಹೊತ್ತು ಊರೊಳಗೆ ಸುತ್ತುವಾಗ ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಕಂಡದ್ದು ಗುಂಡ್ಲುಪೇಟೆಯ ದಾರಿಯಲ್ಲಿ. ನಂಜನಗೂಡು ದಾಟುವವರೆಗೂ ಹಿತವಾಗಿಯೇ ಇತ್ತು. ಬೇಗೂರು ಸಮೀಪಿಸುತ್ತಿದ್ದಂತೆ ಬಲಮಂಡಿಯ ಚಿಪ್ಪಿನ ಕೆಳಗೆ ಚುಳಕ್ ಎನ್ನತೊಡಗಿತು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದವು. ಗೂಡಂಗಡಿಯೊಂದರ ಮುಂದೆ ಇಳಿದು ನೀರಿನ ಬಾಟಲಿ ಕೊಂಡರೆ ಮುಚ್ಚಳ ತಿರುಗಿಸಲು ಬೆರಳುಗಳಲ್ಲಿ ಬಲವಿಲ್ಲ. ಅಂಗಡಿಯ ಹೆಂಗಸು ಸ್ವಲ್ಪ ಹೊತ್ತು ನೋಡಿ, ಬಾಟಲಿಯನ್ನು ನನ್ನ ಕೈಯಿಂದ ತಗೊಂಡು ತೆರೆದುಕೊಟ್ಟರು. “ಯಾಕ್ ಸಾ, ಕೈಗೇನಾಯ್ತು?” ಅಂದರು. “ಏನಿಲ್ಲಮ್ಮ, ಬಿಸಿಲು” ಅಂದೆ. ಜೊತೆಗೆ ಬಂದಿದ್ದ ಹುಡುಗರಿಗೂ ಅದನ್ನೇ ಹೇಳಿದೆ. ಅವರು ಒಂದು ಮಾತನ್ನೂ ಆಡದೆ ಮರದ ನೆರಳಲ್ಲಿ ನನಗಾಗಿ ಕಾದರು. ಮಂಡಿನೋವಿಗಿಂತ ಅವರು ಹಾಗೆ ಕಾದದ್ದು ನನ್ನನ್ನು ಹೆಚ್ಚು ಕುಗ್ಗಿಸಿತು. ಕೊನೆಗೆ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ತರಕಾರಿ ಮೂಟೆಗಳ ಮೇಲೆ ಕಟ್ಟಿ, ಡ್ರೈವರ್ ಪಕ್ಕ ಕೂತು ಮನೆಗೆ ಬಂದೆ.

ಆಗಲೂ ದೂಷಿಸಿದ್ದು ನನ್ನ ದೇಹವನ್ನೇ. ವಯಸ್ಸಾಯಿತು, ಅಭ್ಯಾಸ ಸಾಲದು ಎಂದುಕೊಂಡೆ. ಮಂಡಿಗೆ ಪಟ್ಟಿ ಬಂತು, ಸೀಟಿಗೆ ದಪ್ಪ ಜೆಲ್ ಕವರ್ ಬಂತು. ಅದರಲ್ಲಿ ಮೈ ಹೂತು, ಭಾರ ಕೂರುವ ಮೂಳೆಗಳನ್ನು ಬಿಟ್ಟು ಮೆತ್ತನೆಯ ಜಾಗಕ್ಕೆ ಬಿದ್ದು ಉರಿ ಹೆಚ್ಚಾಯಿತು. ಹ್ಯಾಂಡಲ್ ದೂರವೆನಿಸಿ ಸೀಟನ್ನು ಮುಂದಕ್ಕೆ ಸರಿಸಿದೆ. ಮಂಡಿನೋವು ಇನ್ನೂ ಜಾಸ್ತಿಯಾಯಿತು.

ಕೊನೆಗೆ ತೋರಿಸಿಕೊಂಡ ಫಿಸಿಯೋಥೆರಪಿಸ್ಟ್ ನನ್ನ ಮಂಡಿ ಮುಟ್ಟುವ ಮೊದಲು, “ಸೈಕಲ್ ತಂದಿದ್ದೀರಾ?” ಎಂದು ಕೇಳಿದರು. ಅಷ್ಟು ದಿನ ನನಗೇ ಹೊಳೆಯದ ಪ್ರಶ್ನೆ ಅದು. ಮಾರನೆಯ ದಿನ ಒಯ್ದೆ. ಗೋಡೆ ಹಿಡಿದು ಕೂತು, ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಲು ಹೇಳಿದರು. ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಕೊಂಚವೇ ಬಾಗಿರುತ್ತದೆ. ನನ್ನ ಕಾಲು ಕುಕ್ಕರುಗಾಲಲ್ಲಿ ಕೂತವನ ಕಾಲಿನಂತೆ ಮಡಚಿಕೊಂಡಿತ್ತು. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೂ ಗಂಟೆಗೆ 4,800 ಸಲ ಆ ಮಡಿಕೆಯ ಒತ್ತಡ ಮಂಡಿಚಿಪ್ಪಿನ ಮೇಲೆ. ಹಾಗೆಂದು ಸೀಟು ಅತಿ ಎತ್ತರವಾದರೂ ಸೊಂಟ ಅತ್ತಿತ್ತ ಓಲಾಡಿ, ಮಂಡಿಯ ಹಿಂಭಾಗ ಎಳೆಯುತ್ತದಂತೆ.

ಟೂರ್ ದ ಫ್ರಾನ್ಸ್ ಅನ್ನು 1986ರಲ್ಲಿ ಮೊದಲ ಬಾರಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕವಿದೆ. ಕಾಲಿನ ಒಳ ಉದ್ದವನ್ನು 0.883ರಿಂದ ಗುಣಿಸಿದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕಿರಬೇಕಾದ ಅಂತರ ಸಿಗುತ್ತದೆ. ನನ್ನ ಒಳ ಉದ್ದ 78 ಸೆಂ.ಮೀ. ಅಂದರೆ ಸೀಟು ಸುಮಾರು 69ರಲ್ಲಿರಬೇಕು. ಇದ್ದದ್ದು 64ರಲ್ಲಿ. ಲೆಕ್ಕವೇ ಅಂತಿಮವಲ್ಲ, ಅಲ್ಲಿಂದ ಶುರುಮಾಡಿ ಒಂದೆರಡು ಮಿಲಿಮೀಟರಿನಂತೆ ಹೊಂದಿಸಿಕೊಳ್ಳಬೇಕು. ಕೈ ಜೋಮಿಗೆ ಕಾರಣ ಬೇರೆ. ಹ್ಯಾಂಡಲ್ ದೂರವಿದ್ದರಿಂದ ಮೊಣಕೈ ಬಿಗಿದು, ಮೈಭಾರ ಅಂಗೈ ಮೇಲೆ ಬಿದ್ದು, ಆ ಎರಡು ಬೆರಳಿಗೆ ಹೋಗುವ ನರ ಒತ್ತುತ್ತಿತ್ತು. ಹ್ಯಾಂಡಲ್ ಹಿಡಿದಿರುವ 110 ಮಿ.ಮೀ. ಸ್ಟೆಮ್ ತೆಗೆದು 80ರದ್ದು ಹಾಕಿಸಿದೆ. ಬೆರಳು ಸರಿಹೋದವು. ಫ್ರೇಮು ಮಾತ್ರ ದೊಡ್ಡದೇ, ಅದಕ್ಕೆ ಮದ್ದಿಲ್ಲ.

ಮೊನ್ನೆ ತಂಗಿಯ ಮಗನಿಗೆ ಸೈಕಲ್ ಕೊಡಿಸಲು ಹೋಗಿದ್ದೆವು. “ಬೆಳೆಯೋ ಹುಡುಗ, ಒಂದು ಸೈಜ್ ದೊಡ್ಡದೇ ಇರಲಿ” ಎಂದಳು ತಂಗಿ. ಅಂಗಡಿಯವರೂ ತಲೆಯಾಡಿಸಿದರು. ನಾನು ಒಪ್ಪಲಿಲ್ಲ. ಹುಡುಗನನ್ನು ಫ್ರೇಮಿನ ಮೇಲಿನ ಕೊಳವೆಯ ಎರಡೂ ಪಕ್ಕ ಕಾಲಿಟ್ಟು ನಿಲ್ಲಿಸಿ, ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯುವ ಸೈಕಲ್ ಸಿಗುವವರೆಗೆ ಒಂದೊಂದನ್ನೇ ಇಳಿಸಿ ನೋಡಿದೆ. ತಂಗಿಗೆ ಸಿಟ್ಟು ಬಂತು. “ಇನ್ನೆರಡು ವರ್ಷಕ್ಕೆ ಇದು ಚಿಕ್ಕದಾಗುತ್ತೆ” ಎಂದಳು. “ಆಗ ಇನ್ನೊಂದು ಕೊಡಿಸೋಣ, ದುಡ್ಡು ನನ್ನದು” ಎಂದೆ.