ಶಾಲೆಯ ಗಂಟೆಗೆ ಮುಂಚಿನ ಅರ್ಧ ತಾಸು



ತೆಲಂಗಾಣದ ಕನ್ನಡ ಮಾಧ್ಯಮ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಖಾಲಿ ಉಳಿದ ಹುದ್ದೆಗಳ ಬಗ್ಗೆ, ತಡವಾಗಿ ಕೈಸೇರುವ ಪಠ್ಯಪುಸ್ತಕಗಳ ಬಗ್ಗೆ, ಕುಗ್ಗುತ್ತಿರುವ ದಾಖಲಾತಿಯ ಬಗ್ಗೆ ಚರ್ಚಿಸುತ್ತೇವೆ. ಇವೆಲ್ಲ ನ್ಯಾಯವಾದ ಅಹವಾಲುಗಳು. ಸರ್ಕಾರದ ಬಾಗಿಲು ತಟ್ಟಿ ಕೇಳಲೇಬೇಕು. ಆದರೆ ಯಾವ ಮನವಿಪತ್ರವನ್ನೂ ಬರೆಯದೆ, ಯಾವ ಆದೇಶಕ್ಕೂ ಕಾಯದೆ, ನಾಳೆ ಬೆಳಿಗ್ಗೆಯಿಂದಲೇ ನಾವು ಮಾಡಬಹುದಾದ ಕೆಲಸವೊಂದಿದೆ. ಗಂಟೆಗೆ ಮುಂಚೆ ಶಾಲೆಗೆ ಬರುವುದು, ಸಿದ್ಧತೆಯೊಂದಿಗೆ ತರಗತಿಯನ್ನು ಪ್ರವೇಶಿಸುವುದು. ಎಲ್ಲ ಶಾಲೆಗಳಿಗೂ ಅನ್ವಯಿಸುವ ಈ ಮಾತು ಮನೂರ್ ಭಾಗದ ನಮ್ಮಂಥವರಿಗೆ ಏಕೆ ಹೆಚ್ಚು ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

1956ರ ನವೆಂಬರ್ 1ರ ತನಕ ನಾರಾಯಣಖೇಡ ಹಾಗೂ ಜಹೀರಾಬಾದ್ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಾರಾಯಣಖೇಡ, ತಾಂಡೂರು ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಆಡಳಿತದ ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಅದೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಆ ವಿಧಿ ಗ್ರಂಥದಲ್ಲಿದೆ. ಮಗುವಿನ ಬಳಿಗೆ ಅದನ್ನು ಕೊಂಡೊಯ್ಯಬೇಕಾದವನು ಶಿಕ್ಷಕ. ಅವನು ಬಾರದ ಹೊತ್ತಿನಲ್ಲಿ ಆ ಮಗುವಿನ ಪಾಲಿಗೆ ವಿಧಿಯೂ ಇಲ್ಲ.

ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯಲ್ಲಿ ಮನೆಮಾತು. ಅವರು ಮರೆಯಲ್ಲಿ ಕಲಿಸಬೇಕಾಗಿದ್ದುದನ್ನು ನಾವು ಸರ್ಕಾರದ ಸಂಬಳ ಪಡೆದು ರಾಜಾರೋಷವಾಗಿ ಕಲಿಸುತ್ತಿದ್ದೇವೆ. ದೊರೆತ ಈ ಅವಕಾಶದ ಒಂದೊಂದು ನಿಮಿಷಕ್ಕೂ ನಾವು ಲೆಕ್ಕ ಕೊಡಬೇಕಲ್ಲವೇ?

ಲೆಕ್ಕವನ್ನೇ ಮಾಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾದಿನ, 800 ಬೋಧನಾ ಗಂಟೆಗಳನ್ನು ನಿಗದಿಪಡಿಸಿದೆ. ಎಂದರೆ ದಿನಕ್ಕೆ 4 ಗಂಟೆ. ಶಿಕ್ಷಕನು ನಿತ್ಯ 15 ನಿಮಿಷ ತಡವಾದರೆ ವರ್ಷಕ್ಕೆ 3000 ನಿಮಿಷ, ಅಂದರೆ 50 ಗಂಟೆ ನಷ್ಟ. ಅದು ಹನ್ನೆರಡೂವರೆ ಶಾಲಾದಿನಗಳಿಗೆ ಸಮ. ಐದು ವರ್ಷಗಳಲ್ಲಿ ಅರವತ್ತೆರಡು ದಿನಗಳು! ತೆಲುಗು ಮಾಧ್ಯಮದ ಮಗುವಿಗೆ ಈ ನಷ್ಟವನ್ನು ಊರಿನ ಫಲಕಗಳು, ಬಸ್ಸಿನ ಮೇಲಿನ ಬರಹ, ಅಂಗಡಿಯ ಚೀಟಿಗಳು ಕಿಂಚಿತ್ತಾದರೂ ತುಂಬಿಕೊಡುತ್ತವೆ. ನಮ್ಮ ಮಗುವಿಗೆ ಕನ್ನಡದ ಅಕ್ಷರ ಹೆಚ್ಚಾಗಿ ಕಾಣುವುದು ಶಾಲೆಯೊಳಗೆ ಮಾತ್ರ.

ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕನ ವಾರದ ಕೆಲಸದ ಅವಧಿ ಕನಿಷ್ಠ 45 ಗಂಟೆ ಎಂದಿದೆ. ಪಾಠದ ಸಿದ್ಧತೆಯ ಹೊತ್ತೂ ಅದರಲ್ಲಿ ಸೇರಿದೆ. ಸಿದ್ಧತೆ ಉತ್ಸಾಹಿಗಳ ಹವ್ಯಾಸವಲ್ಲ, ನೌಕರಿಯ ಭಾಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಡ.

ಇನ್ನು ಸಿದ್ಧತೆಯೆಂದರೆ ಏನು? ನಮ್ಮ ಹುಡುಗನೊಬ್ಬ 'ಹಾಲು' ಎಂದು ಬರೆಯಬೇಕಾದಲ್ಲಿ 'ಪಾಲು' ಎಂದು ಬರೆಯುತ್ತಾನೆ. ಸಿದ್ಧತೆಯಿಲ್ಲದ ಶಿಕ್ಷಕ ಕೆಂಪು ಗೀಟು ಎಳೆದು ಮುಂದೆ ಸಾಗುತ್ತಾನೆ. ಹುಡುಗ ಮರುದಿನ ಮತ್ತೆ 'ಪಾಲು' ಎಂದೇ ಬರೆಯುತ್ತಾನೆ. ಸಿದ್ಧನಾಗಿ ಬಂದ ಶಿಕ್ಷಕ ಹಲಗೆಯ ಮೇಲೆ ಎರಡು ಸಾಲು ಮಾಡುತ್ತಾನೆ: ಒಂದರಲ್ಲಿ ತೆಲುಗಿನ ಪಾಲು, ಪುಲಿ, ಪುವ್ವು, ಇನ್ನೊಂದರಲ್ಲಿ ಕನ್ನಡದ ಹಾಲು, ಹುಲಿ, ಹೂವು. ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪೂ ಎಂದೇ ಇದ್ದವು, ಕಾಲಕ್ರಮದಲ್ಲಿ ನಮ್ಮ ಪಕಾರ ಹಕಾರವಾಯಿತು ಎಂದು ಕಥೆಯಂತೆ ಹೇಳುತ್ತಾನೆ. ಮಗುವಿಗೆ ನಾಚಿಕೆಯಾಗುವುದಿಲ್ಲ, ನಿಯಮವೊಂದು ಕೈಗೆ ಸಿಗುತ್ತದೆ. ಹಾಗೆಯೇ 'ಅವಸರ' ಎಂಬ ಪದ. ನಮಗೆ ಅದು ತ್ವರೆ. ತೆಲುಗಿನ 'ಅವಸರಂ' ಎಂದರೆ ಅಗತ್ಯ. 'ವಿಚಾರ' ನಮಗೆ ಚಿಂತನೆ ಅಥವಾ ಸಂಗತಿ. ತೆಲುಗಿನಲ್ಲಿ 'ವಿಚಾರಂ' ಎಂದರೆ ದುಃಖವೂ ಹೌದು. ಪಾಠದಲ್ಲಿ ಇಂತಹ ಪದ ಬಂದಾಗ ಮಗು ಎಲ್ಲಿ ದಾರಿ ತಪ್ಪಬಹುದೆಂದು ಮೊದಲೇ ಓದಿ ಗುರುತು ಹಾಕಿಕೊಂಡವನಿಗಷ್ಟೇ ತಿಳಿಯುತ್ತದೆ. ಗಡಿಯ ಮಗುವಿನ ಈ ತೊಡಕುಗಳನ್ನು ಹಿಂದಿನ ದಿನವೇ ಊಹಿಸಿಕೊಂಡು ಬರೆದಿಟ್ಟುಕೊಳ್ಳುವುದೇ ಗಡಿಯ ಶಿಕ್ಷಕನ ಪಾಠಯೋಜನೆ.

ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುತ್ತಿದ್ದ ಶಿಕ್ಷಕಿಯೊಬ್ಬರಿದ್ದರು. ಮೊದಲ ಬಸ್ಸಿಗೇ ಬಂದು ಕಪ್ಪುಹಲಗೆಯನ್ನು ಮೂರು ಪಾಲು ಮಾಡುವರು. ಒಂದರಲ್ಲಿ ಮೂರನೆಯ ತರಗತಿಯ ಲೆಕ್ಕಗಳು, ಇನ್ನೊಂದರಲ್ಲಿ ನಾಲ್ಕನೆಯ ತರಗತಿಗೆ ಬಿಟ್ಟಸ್ಥಳ ತುಂಬುವ ಅಭ್ಯಾಸ, ಮೂರನೆಯ ಭಾಗ ಐದನೆಯವರ ಹೊಸ ಪಾಠಕ್ಕಾಗಿ ಖಾಲಿ. ಪ್ರಾರ್ಥನೆ ಮುಗಿಸಿ ಒಳಬಂದ ಮಕ್ಕಳು ಸುಮ್ಮನೆ ಕುಳಿತದ್ದನ್ನು ನಾನು ಕಂಡಿಲ್ಲ. ಅರವತ್ತರವರೆಗೆ ಮಕ್ಕಳಿದ್ದರೆ ಕಾಯ್ದೆ ಕೊಡುವುದು ಇಬ್ಬರು ಶಿಕ್ಷಕರನ್ನು. ತರಗತಿಗಳು ಮಾತ್ರ ಐದು. ಈ ಅಂತರವನ್ನು ತುಂಬುವ ಉಪಾಯ ಗಂಟೆ ಬಾರಿಸಿದ ಮೇಲೆ ಹೊಳೆಯುವುದಿಲ್ಲ.

ಆ ಅರ್ಧ ತಾಸಿಗೆ ಇನ್ನೊಂದು ಪ್ರಯೋಜನವಿತ್ತು. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ದಿನಗಳಲ್ಲಿ ತಾಯಂದಿರು ಬೆಳಿಗ್ಗೆಯೇ ಹೊಲಕ್ಕೆ ಹೋಗುತ್ತಾರೆ. ಮಕ್ಕಳು ಬಹಳ ಮುಂಚೆ ಬಂದು ಅಂಗಳದಲ್ಲಿ ಕುಳಿತಿರುತ್ತವೆ. ಆ ಶಿಕ್ಷಕಿ ಅವರಿಗೆ ಕಥೆ ಪುಸ್ತಕಗಳನ್ನು ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ಓದಿನಲ್ಲಿ ಹಿಂದುಳಿದಿದ್ದ ಕೂಲಿಕಾರರ ಮಕ್ಕಳು ಆ ಹೊತ್ತಿನಲ್ಲಿಯೇ ಓದು ಹಿಡಿದವು.

ಬಸ್ಸುಗಳು ವೇಳೆಗೆ ಬರುವುದಿಲ್ಲ, ಸಮೀಕ್ಷೆ-ಚುನಾವಣೆಗಳ ಕೆಲಸ ತಪ್ಪುವುದಿಲ್ಲ, ಸೌಕರ್ಯವಿಲ್ಲದ ಹಳ್ಳಿಯಲ್ಲಿ ಸಂಸಾರ ಹೂಡುವುದು ಕಷ್ಟ. ಇವು ನೆಪಗಳಲ್ಲ, ನಿಜವಾದ ತೊಂದರೆಗಳೇ. ಆದರೆ ಪಾಲಕರ ಕಣ್ಣು ಇವನ್ನು ಕಾಣುವುದಿಲ್ಲ. ಮಗನನ್ನು ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸಿದ ನೆರೆಯೂರಿನ ತಂದೆಯೊಬ್ಬರು ನನಗೆ ಹೇಳಿದ ಮಾತಿದು: "ಕನ್ನಡ ಬ್ಯಾಡಂತ ಅಲ್ರೀ ಗುರುಗಳೇ. ಅಲ್ಲಿ ಎಂಟೂವರಿಗೆ ಬಾಗಿಲ ತೆರೀತದ್ರಿ. ನಮ್ಮ ಸಾಲ್ಯಾಗ ಗಂಟಿ ಹೊಡದ ಮ್ಯಾಲೂ ಹುಡುಗ್ರು ಅಂಗಳದಾಗೇ ಇರ್ತಾವ್ರಿ." ಅವರು ಭಾಷೆಯನ್ನು ತೂಗಿ ನೋಡಿರಲಿಲ್ಲ, ಬಾಗಿಲನ್ನು ನೋಡಿದ್ದರು. ಹೀಗೆ ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡಾಗ ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದಾಗ ಹುದ್ದೆಗಳನ್ನು ಕೇಳುವ ನಮ್ಮ ದನಿಯೂ ಇಳಿಯುತ್ತದೆ.

ಮುಖ್ಯೋಪಾಧ್ಯಾಯರಿಗೆ ಒಂದು ಮಾತು. ಹಾಜರಿ ಪುಸ್ತಕದ ಕೆಂಪು ಗುರುತು ದೇಹವನ್ನು ಮಾತ್ರ ವೇಳೆಗೆ ಕರೆತರಬಲ್ಲದು. ತಾವೇ ಮೊದಲು ಬಂದು, ಬಂದವರೊಡನೆ "ಇಂದು ಯಾವ ಪಾಠ? ಮಕ್ಕಳಿಗೆ ಎಲ್ಲಿ ಕಷ್ಟವಾದೀತು?" ಎಂದು ಕೇಳಿ ಐದು ನಿಮಿಷ ಮಾತನಾಡಿದರೆ ಸಿದ್ಧತೆ ಶಾಲೆಯ ರೂಢಿಯಾಗುತ್ತದೆ.

ಕೊನೆಯದಾಗಿ, ಸೇವೆಯಲ್ಲಿರುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಈ ವಾರ ನಿಮ್ಮ ಮಕ್ಕಳು ತೆಲುಗಿನ ರೂಪದಲ್ಲಿ ಬರೆದ ಕನ್ನಡ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತಿಸಿಡಿ. ಮುಂದಿನ ಸ್ಕೂಲ್ ಕಾಂಪ್ಲೆಕ್ಸ್ ಸಭೆಗೆ ಅದನ್ನು ತನ್ನಿ. ಜಹೀರಾಬಾದಿನವರದು, ನಾರಾಯಣಖೇಡದವರದು, ತಾಂಡೂರಿನವರದು ಒಂದುಗೂಡಲಿ. ಗಡಿಯ ಮಕ್ಕಳಿಗೆಂದೇ ಸಿದ್ಧವಾದ ಕೈಪಿಡಿಯೊಂದು ನಮ್ಮಿಂದಲೇ ಹುಟ್ಟಲಿ. ಅದನ್ನು ಒಪ್ಪವಾಗಿ ಬರೆದುಕೊಡುವ ಕೆಲಸಕ್ಕೆ ನಿವೃತ್ತನಾದ ನನ್ನಲ್ಲಿ ಬೇಕಾದಷ್ಟು ಸಮಯವಿದೆ.