ನೋವು ಒಂದು ಕಡೆ, ಬೋಲ್ಟು ಇನ್ನೊಂದು ಕಡೆ

ಭಾನುವಾರ ಬೆಳಗ್ಗೆ ದೇವನಹಳ್ಳಿ ರಸ್ತೆಯ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ನಂದಿ ಬೆಟ್ಟಕ್ಕೆ ಹೊರಟ ಸೈಕಲ್‌ಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ಹೋಗುವಾಗ ಎಲ್ಲರೂ ಒಂದೇ ಥರ: ತಲೆಗೆ ಹೆಲ್ಮೆಟ್ಟು, ಬಾಗಿದ ಬೆನ್ನು, ಹಿಂದೆ ಮಿಣಮಿಣ ಕೆಂಪು ದೀಪ. ಅವರನ್ನು ವಾಪಸ್ ಬರುವಾಗ ನೋಡಬೇಕು. ಒಬ್ಬ ಹ್ಯಾಂಡಲ್‌ನಿಂದ ಒಂದು ಕೈ ತೆಗೆದು ಒದರಿಕೊಳ್ಳುತ್ತಿರುತ್ತಾನೆ, ಇನ್ನೊಬ್ಬ ಕತ್ತು ಆಚೀಚೆ ಹೊರಳಿಸುತ್ತಿರುತ್ತಾನೆ, ಮತ್ತೊಬ್ಬ ಎರಡು ನಿಮಿಷಕ್ಕೊಮ್ಮೆ ಸೀಟು ಬಿಟ್ಟು ಎದ್ದು ನಿಲ್ಲುತ್ತಾನೆ. ಆಮೇಲೆ ಮೂವರೂ ಇಡ್ಲಿ-ವಡೆ ಮುಂದೆ ಕೂತು ಬೈಯುವುದು ಮಾತ್ರ ರಸ್ತೆಯನ್ನು. ನಮ್ಮ ರಸ್ತೆಗಳಿಗೆ ಎಷ್ಟು ಬೈದರೂ ಕಡಿಮೆಯೇ, ಒಪ್ಪಿದೆ. ಆದರೆ ಈ ಮೂರು ನೋವಿನಲ್ಲಿ ರಸ್ತೆಯ ಪಾಲು ತೀರಾ ಸಣ್ಣದು.

ನನ್ನ ಭಾವಮೈದ ಈಚೆಗೆ ಈ ಸಾಲಿಗೆ ಸೇರಿದ. ಒಳ್ಳೆಯ ಸೆಕೆಂಡ್‌ಹ್ಯಾಂಡ್ ಮೋಟಾರ್ ಬೈಕಿನ ದುಡ್ಡು ಕೊಟ್ಟು ರೋಡ್ ಬೈಕ್ ಅನ್ನುವ ರೇಸಿನ ಥರದ ಸೈಕಲ್ ತಂದ. ಸ್ವಲ್ಪ ದಿನಕ್ಕೇ ಸೀಟಿನ ಮೇಲೆ ಜೆಲ್ ತುಂಬಿದ ದಪ್ಪ ಕವರೂ ಬಂತು.

“ಭಾವ, ಸೀಟು ಕಲ್ಲಿನ ಥರ ಇತ್ತು ಅಂತ ಇದನ್ನ ಹಾಕಿಸಿದೆ. ಈಗ ಮೊದಲಿಗಿಂತ ಜಾಸ್ತಿ ನೋಯುತ್ತೆ.”

“ನೋಯದೆ ಇನ್ನೇನು ಮಾಡುತ್ತೆ ಮಾರಾಯ,” ಅಂದೆ.

ನಾವು ಸೈಕಲ್ ಮೇಲೆ ಕೂರುವುದು ಮಾಂಸದ ಮೇಲಲ್ಲ, ಸೊಂಟದ ಮೂಳೆಯ ಕೆಳತುದಿಯ ಎರಡು ಗುಬುಟುಗಳ ಮೇಲೆ. ಆ ಎರಡಕ್ಕೆ ಗಟ್ಟಿ ಆಧಾರ ಸಿಕ್ಕರೆ ದೇಹ ನಿಶ್ಚಿಂತೆಯಿಂದ ಕೂರುತ್ತದೆ. ಮೆತ್ತನೆಯದು ಹಾಕಿದಿರೋ, ಮೂಳೆ ಎರಡೂ ಕಡೆ ಹೂತುಹೋಗಿ ನಡುವಿನ ಮೆತ್ತೆ ಉಬ್ಬಿ, ಒತ್ತಬಾರದ ಜಾಗದಲ್ಲಿ ಒತ್ತುತ್ತದೆ. ಮೂಳೆಗಳ ನಡುವಿನ ಅಂತರ ಅಳೆಯಲು ಯಂತ್ರವೇನೂ ಬೇಡ. ಅಟ್ಟದ ಮೇಲೆ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಇತ್ತು. ಅದರ ಒಂದು ತುಂಡು ಕತ್ತರಿಸಿ ಮೆಟ್ಟಿಲ ಮೇಲೆ ಹಾಕಿ, ಮುಂದಕ್ಕೆ ಬಾಗಿ ಗಟ್ಟಿಯಾಗಿ ಕೂರು ಅಂದೆ. ಅವನಕ್ಕ ಅಡುಗೆಮನೆಯಿಂದ ಇಣುಕಿ, “ಇಬ್ರೂ ಸೇರಿ ರಟ್ಟಿನ ಮೇಲೆ ಏನ್ರೀ ಮಾಡ್ತಿದೀರಾ?” ಅಂದಳು. ಮೊಟ್ಟೆಯಿಡಲು ಕೂತ ಕೋಳಿಯ ಗಾಂಭೀರ್ಯದಲ್ಲಿ ಅವನು ಕೂತಿದ್ದ. ಎದ್ದ ಮೇಲೆ ರಟ್ಟನ್ನು ಬೆಳಕಿಗೆ ಓರೆ ಹಿಡಿದರೆ ಎರಡು ತಗ್ಗು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲಿಟ್ಟರೆ 11 ಸೆಂಟಿಮೀಟರ್. ಸೈಕಲ್ ಜೊತೆ ಬಂದಿದ್ದ ಸೀಟಿನ ಅಗಲ 14ರ ಮೇಲಿತ್ತು. ಅಂದರೆ ಪಾಪ, ಸೀಟು ನಿರಪರಾಧಿ.

ಹಾಗಾದರೆ ಅಪರಾಧಿ ಯಾರು? ಅವನು ಗಲ್ಲಿಯಲ್ಲಿ ಒಂದು ಸುತ್ತು ಹೊಡೆದಾಗ ಹಿಂದಿನಿಂದ ನೋಡಿದೆ. ಪ್ರತಿ ಪೆಡಲಿಗೂ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು. ಸೀಟು ಎತ್ತರವಾಯಿತು, ಕಾಲು ಕೆಳಗೆ ಮುಟ್ಟುತ್ತಿಲ್ಲ, ಮುಟ್ಟಿಸಲು ಸೊಂಟವೇ ಇಳಿಯಬೇಕು. ಗಂಟೆಗಟ್ಟಲೆ ಹೀಗೆ ಉಜ್ಜಿದರೆ ಚರ್ಮ ಉಳಿಯುತ್ತದೆಯೆ? ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡಿ ಸೀಟು ಏರಿಸುವವರ ಕಥೆಯೆಲ್ಲ ಇಷ್ಟೆ. ಇನ್ನು ಸ್ಕೂಟರ್ ಬಿಟ್ಟು ಸೈಕಲ್ಲಿಗೆ ಬಂದವರು ಸಿಗ್ನಲ್‌ನಲ್ಲಿ ಎರಡೂ ಪಾದ ನೆಲಕ್ಕೆ ಊರಲೇಬೇಕೆಂದು ಸೀಟನ್ನು ಪಾತಾಳಕ್ಕೆ ಇಳಿಸುತ್ತಾರೆ. ಅವರಿಗೆ ಮಂಡಿಚಿಪ್ಪಿನ ಮುಂಭಾಗ ನೋಯುತ್ತದೆ. ಸೀಟು ಎತ್ತರವಾದವರಿಗೆ ನೋವು ಮಂಡಿಯ ಹಿಂದೆ. ಮಂಡಿ ಚಾಡಿ ಹೇಳುವುದರಲ್ಲಿ ಪ್ರಾಮಾಣಿಕ.

ಬಾಡಿಗೆ ಸೈಕಲ್ ಕಾಲದಲ್ಲಿ ಈ ತಲೆಬಿಸಿ ಇರಲಿಲ್ಲ. ಹಾಲು ಮಾರುವವರಿಗೂ ಪೋಸ್ಟ್‌ಮ್ಯಾನಿಗೂ ಹೈಸ್ಕೂಲ್ ಮೇಷ್ಟ್ರಿಗೂ ಅದೇ ಕರಿ ಸೈಕಲ್, ಅದೇ ಸ್ಪ್ರಿಂಗ್ ಸೀಟು. ಕಾಲು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದರು. ಆದರೆ ಅಲ್ಲಿ ಬೆನ್ನು ನೆಟ್ಟಗಿತ್ತು, ಭಾರವೆಲ್ಲ ಸೀಟಿನ ಮೇಲಿತ್ತು, ಅದಕ್ಕೇ ಸ್ಪ್ರಿಂಗ್ ಬೇಕಿತ್ತು. ರೋಡ್ ಬೈಕಿನಲ್ಲಿ ಭಾರವನ್ನು ಸೀಟು, ಪೆಡಲು, ಹ್ಯಾಂಡಲ್ಲು ಮೂರೂ ಹಂಚಿಕೊಳ್ಳಬೇಕು. ಒಂದು ಕೈಕೊಟ್ಟರೆ ಉಳಿದೆರಡಕ್ಕೆ ದಂಡ.

ಸೀಟಿನ ಎತ್ತರಕ್ಕೆ ಒಂದು ಲೆಕ್ಕವಿದೆ. ಅದನ್ನು ಬಳಕೆಗೆ ತಂದವನು ಅಮೆರಿಕದ ಗ್ರೆಗ್ ಲೆಮಾಂಡ್. 1989ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ವಾರ ಸೈಕಲ್ ತುಳಿದು ಕೊನೆಗೆ ಬರೀ 8 ಸೆಕೆಂಡಿನ ಅಂತರದಲ್ಲಿ ಗೆದ್ದ ಮಹಾರಾಯ. ಲೆಕ್ಕ ಕಲಿತದ್ದು ಫ್ರೆಂಚ್ ಗುರು ಸಿರಿಲ್ ಗಿಮಾರ್ ಹತ್ತಿರ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ಸಂದಿಗೆ ದಪ್ಪ ಪುಸ್ತಕವೊಂದನ್ನು ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ, ಪೆಡಲ್ ಚಕ್ರದ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ. ಭಾವಮೈದನ ಅಳತೆ 80 ಸೆಂಟಿಮೀಟರ್, ಲೆಕ್ಕದ ಪ್ರಕಾರ 70.6. ಅವನ ಸೀಟು ಇದ್ದದ್ದು 73ರಲ್ಲಿ. ನನಗೇನೋ ಲೆಕ್ಕಕ್ಕಿಂತ ಹಿಮ್ಮಡಿಯ ಮೇಲೆ ನಂಬಿಕೆ ಜಾಸ್ತಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲು ತೀರ ಕೆಳಗೆ ಬಂದಾಗ ಕಾಲು ನೆಟ್ಟಗಾದರೆ ಸಾಕು. ತುಳಿಯುವುದು ಮುಂಗಾಲಲ್ಲಾದ್ದರಿಂದ ಮಂಡಿ ತಾನಾಗಿಯೇ ಬೇಕಾದಷ್ಟು ಮಡಿಯುತ್ತದೆ. ಇಳಿಸುವ ಮುಂಚೆ ಸೀಟಿನ ಕಂಬಕ್ಕೆ ಕರೆಂಟ್ ಟೇಪು ಸುತ್ತಿ ಹಳೇ ಗುರುತು ಉಳಿಸಿಕೊಳ್ಳಬೇಕು, ಅರ್ಧರ್ಧ ಸೆಂಟಿಮೀಟರ್ ಇಳಿಸಿ ಓಡಿಸಿ ನೋಡಬೇಕು. ಒಂದೇ ದಿನ ಮೂರು ಬೋಲ್ಟು ತಿರುಗಿಸಿದವನಿಗೆ ಯಾವುದರಿಂದ ಗುಣವಾಯಿತು ಅಂತ ಬ್ರಹ್ಮನೂ ಹೇಳಲಾರ.

ಇದೆಲ್ಲ ಹೊಸಬರ ಪಾಡು ಅಂದುಕೊಳ್ಳಬೇಡಿ. ಐದು ಸಲ ಟೂರ್ ಗೆದ್ದ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಲ್ಲಿ ಫ್ರಾನ್ಸ್‌ನ ಬ್ಲುವಾ ಊರಿನ ಟ್ರ್ಯಾಕಿನಲ್ಲಿ ಬಿದ್ದು ಸೊಂಟಕ್ಕೆ ಏಟು ಮಾಡಿಕೊಂಡ. ಆಮೇಲೆ ಜೀವಮಾನವಿಡೀ ಅವನಿಗೆ ಸೀಟು ಒಗ್ಗಲಿಲ್ಲ. ರೇಸಿನ ನಡುವೆಯೂ ಅಲೆನ್ ಕೀ ಹಿಡಿದು ಏರಿಸುವುದು, ಇಳಿಸುವುದು. ಅಂಥವನಿಗೇ ಕೊನೆಯ ಅಳತೆ ಸಿಗಲಿಲ್ಲವೆಂದರೆ, ಒಂದೇ ಸಿಟ್ಟಿಂಗಿನಲ್ಲಿ ‘ಪರ್ಫೆಕ್ಟ್ ಫಿಟ್’ ಮಾಡಿಕೊಡುತ್ತೇವೆ ಅನ್ನುವವರ ಮಾತಿಗೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಕ್ಯಾಮೆರಾ ಇಟ್ಟು ಮಂಡಿಯ ಕೋನ ಅಳೆಯುವ ಅಂಗಡಿಗಳು ಬೆಂಗಳೂರಿನಲ್ಲೂ ಇವೆ. ಹಳೇ ಪೆಟ್ಟು, ಕಾಲಿನ ಉದ್ದದಲ್ಲಿ ವ್ಯತ್ಯಾಸ ಇದ್ದವರು ಖಂಡಿತ ಹೋಗಲಿ. ಉಳಿದವರು ಮೊದಲು ಗೋಡೆ ಹಿಡಿಯಲಿ.

ಸೀಟು ಇಳಿಯಿತು, ಉರಿ ನಿಂತಿತು. ಮುಂದಿನ ವಾರ ಹೊಸ ದೂರು: ಕಿರುಬೆರಳು, ಉಂಗುರದ ಬೆರಳು ಜೋಮು. ಕೈಗೆ ದಪ್ಪ ಗ್ಲೌಸ್ ಆರ್ಡರ್ ಮಾಡಿ ಆಗಿತ್ತು. ನಾನು ಕೈ ನೋಡಲೇ ಇಲ್ಲ, ಸೀಟಿನ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟೆ. ಗುಳ್ಳೆ ಒಂದು ಕಡೆ ಓಡಿಹೋಯಿತು. ಹಿಂದೆ ಉರಿಯುತ್ತಿದ್ದಾಗ ಇವನು ಸೀಟಿನ ಮೂತಿಯನ್ನು ಕೆಳಕ್ಕೆ ಬಗ್ಗಿಸಿದ್ದ. ಜಾರುಬಂಡೆಯ ಮೇಲೆ ಕೂತ ಮೈ ಮುಂದೆ ಜಾರುತ್ತದೆ, ತಡೆಯುವುದು ಅಂಗೈ. ಅಂಗೈಯ ಹೊರಅಂಚಿನಲ್ಲಿ ಹಾದುಹೋಗುವ ನರ ಒತ್ತಿಕೊಂಡು ಆ ಎರಡೇ ಬೆರಳು ಮರಗಟ್ಟುತ್ತವೆ. ಸೀಟು ಸಮ ಮಾಡಿದೆ, ಬೆರಳು ಬಂದವು. ಗ್ಲೌಸ್ ಈಗ ಅವನ ಮಗಳ ಬೊಂಬೆಯ ಹಾಸಿಗೆ.

ಕತ್ತಿನದು ಇನ್ನೊಂದು ಪುರಾಣ. ಹ್ಯಾಂಡಲ್ ತೀರ ಕೆಳಗೆ, ದೂರ ಇದ್ದರೆ ಬೆನ್ನು ಬಾಗುತ್ತದೆ, ದಾರಿ ನೋಡಲು ಕತ್ತು ಮೇಲೇಳಲೇಬೇಕು. ಇದರ ಪರಾಕಾಷ್ಠೆ ಕಂಡವನು ಮೈಕಲ್ ಶರ್ಮರ್. 1983ರಲ್ಲಿ ಅಮೆರಿಕವನ್ನು ಈ ಕಡಲಿನಿಂದ ಆ ಕಡಲಿಗೆ ದಾಟುವ ರೇಸಿನಲ್ಲಿ ಅವನ ಕತ್ತಿನ ಸ್ನಾಯುಗಳು ಸೋತು ತಲೆ ಎತ್ತುವುದೇ ನಿಂತುಹೋಯಿತು. ಇವತ್ತಿಗೂ ದೂರ ಓಡಿಸುವವರು ಆ ತೊಂದರೆಗೆ ಅವನ ಹೆಸರೇ ಹೇಳುತ್ತಾರೆ. ಮುಂದೆ ಅವನು ಮೂಢನಂಬಿಕೆಗಳನ್ನು ಪ್ರಶ್ನಿಸುವ ಲೇಖಕನಾಗಿ ಪ್ರಸಿದ್ಧನಾದ. ಹ್ಯಾಂಡಲ್ ತಗ್ಗಿದಷ್ಟೂ ಸ್ಪೀಡು ಅನ್ನುವ ನಂಬಿಕೆಯ ಮೇಲೂ ಒಂದು ಅಧ್ಯಾಯ ಬರೆಯಬಹುದಿತ್ತು. 13 ಗಂಟೆ 30 ನಿಮಿಷದೊಳಗೆ 200 ಕಿಲೋಮೀಟರ್ ಮುಗಿಸಬೇಕಾದ, ಬ್ರೆವೆ ಅನ್ನುವ ದೂರದ ಸವಾರಿಗಳಲ್ಲಿ ಪಳಗಿದ ಕೈಗಳನ್ನು ಗಮನಿಸಿ, ಎಷ್ಟೋ ಜನರ ಹ್ಯಾಂಡಲ್ಲು ಸೀಟಿನ ಮಟ್ಟಕ್ಕೇ ಇರುತ್ತದೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಮೇಲೆ ಕೂತ ಬಳೆಗಳನ್ನು ಕೆಳಗೆ ಹಾಕಿಸಿದರೆ ಒಂದೆರಡು ಸೆಂಟಿಮೀಟರ್ ಏರುತ್ತದೆ, ದೂರವಾದರೆ ಗಿಡ್ಡ ಸ್ಟೆಮ್ ಸಿಗುತ್ತದೆ. ಎಟುಕಲಿ ಅಂತ ಸೀಟನ್ನೇ ಮುಂದೆ ತಳ್ಳುವವರಿದ್ದಾರೆ. ಸೀಟಿನ ಜಾಗ ಗೊತ್ತು ಮಾಡುವುದು ಪೆಡಲು, ಹ್ಯಾಂಡಲ್ ಅಲ್ಲ.

ಇನ್ನು ರಸ್ತೆಯ ಪಾಲಿನ ನೋವಿಗೆ ಮದ್ದು ಟೈರಿನಲ್ಲಿದೆ. ಗಾಳಿ ಸ್ವಲ್ಪ ಕಮ್ಮಿ ಇರಲಿ. ರೇಸಿನವರೇ 23 ಮಿಲಿಮೀಟರ್ ಅಗಲದ ಟೈರಿನಿಂದ 28ಕ್ಕೆ ಬಂದಿದ್ದಾರೆ, ನಮ್ಮ ಹಂಪುಗಳಿಗೆ ಸೈಕಲ್ಲಿನಲ್ಲಿ ಹಿಡಿಸುವಷ್ಟು ಅಗಲದ್ದು ಹಾಕಿಸುವುದು ಮೇಲು.

ಉಳಿದದ್ದು ಪ್ಯಾಡ್ ಇರುವ ಚಡ್ಡಿ. ಭಾವಮೈದ ಅದನ್ನೂ ತಂದಿದ್ದ, ಆದರೂ ತೊಡೆಸಂದಿ ಕೆಂಪಾಗುತ್ತೆ ಅಂದ. ಯಾಕೆಂದು ಗೊತ್ತಾಯಿತು, ಆದರೆ ಅವನಕ್ಕ ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಟೈರ್ ನೋಡೋಣ ಬಾ ಅಂತ ಅವನನ್ನು ಹೊರಗೆ ಕರೆದೆ.

“ಇದರ ಒಳಗೆ ಇನ್ನೊಂದು ಹಾಕಬಾರದಪ್ಪ.”

“ಏನು ಹಾಕಬಾರದು?”

“ಒಳಚಡ್ಡಿ.”

ಇಷ್ಟು ದಿನ ಭಾನುವಾರಗಳಂದು ನಾನು ಜೊತೆಗೆ ಬಂದದ್ದನ್ನೆಲ್ಲ ನೆನೆಸಿಕೊಂಡವನಂತೆ ಅವನು ನನ್ನನ್ನೂ ನನ್ನ ಸೈಕಲ್ಲನ್ನೂ ನೋಡಿದ.

“ಭಾವ, ಹಾಗಾದ್ರೆ ನೀವೂ…?”

“ಮೊದಲು ಗಾಳಿ ಹೊಡಿ,” ಅಂದೆ.